ಗುಂಡುತೋಪಿಗೂ ಒಂದು ಹದ್ದುಬಸ್ತು ಬೇಕು

ಮಾನ್ಯ ಸಂಪಾದಕರೆ,

ಕಳೆದ ಏಪ್ರಿಲ್ ತಿಂಗಳಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಹೋಗಿದ್ದ ನಾನು, ಅಲ್ಲಿಂದ ಪಶ್ಚಿಮಕ್ಕೆ ಹಳ್ಳಿಗಾಡಿನಲ್ಲಿರುವ ಹೇಲಿ ವುಡ್ ಎಂಬ ಸಣ್ಣ ಕಾಡೊಂದನ್ನು ಎರಡು ಸಲ ಸುತ್ತಿ ಬಂದೆ. ಊರಿಗೆ ಮರಳಿದ ವಾರದಲ್ಲೇ ಹೊಳಲ್ಕೆರೆ ತಾಲ್ಲೂಕಿನ ನನ್ನ ಹುಟ್ಟೂರಿನ ಗುಂಡುತೋಪನ್ನು, ಎಂದರೆ ಊರಿಗೆಲ್ಲ ಸೇರಿದ ಮರಗಳ ತೋಪನ್ನು, ನೋಡಲು ಹೋದೆ. ಮೂವತ್ತನಾಲ್ಕು ವರ್ಷ ಭೂಮಾಪಕನಾಗಿ ಸರಪಳಿ ಹಿಡಿದ ನನಗೂ ಆ ತೋಪು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂಬುದನ್ನು ಗುರುತಿಸಲಾಗಲಿಲ್ಲ. ವನಮಹೋತ್ಸವಕ್ಕೆ ಗುಂಡಿ ತೋಡುವ ಕೆಲಸ ಆರಂಭವಾಗುವ ಮೊದಲೇ ಒಂದು ಮಾತನ್ನು ತಮ್ಮ ಪತ್ರಿಕೆಯ ಮೂಲಕ ಜಿಲ್ಲೆಯ ಓದುಗರ ಮುಂದಿಡಬೇಕೆನಿಸಿದೆ: ಊರಿನ ತೋಪಿಗೆ ಸಸಿಗಿಂತ ಮೊದಲು ನೆಲದ ಮೇಲೆ ಕಾಣುವ ಗಡಿ ಬೇಕು, ಆ ಗಡಿಯ ತನಕ ಯಾರು ಬೇಕಾದರೂ ನಡೆದುಹೋಗಬಹುದಾದ ದಾರಿ ಬೇಕು.

ಹೇಲಿ ಕಾಡಿಗೆ ಹೋಗುವ ಹಾದಿ ಡಾಂಬರು ರಸ್ತೆಯ ಬದಿಯ ನೀರಿನ ಟ್ಯಾಂಕೊಂದರ ಎದುರಿನಿಂದ ತೊಡಗುತ್ತದೆ. ಎಡಬಲದಲ್ಲಿ ಗೋಧಿ ಹೊಲ, ನಡುವೆ ಗಿಡಬೇಲಿ, ಬೇಲಿಯ ಮಗ್ಗುಲಲ್ಲಿ ಹುಲ್ಲಿನ ದಾರಿ; ಕಾಡು ದೂರದಿಂದ ಒಂದು ಕಪ್ಪು ಗೆರೆಯಂತೆ ಕಾಣುತ್ತದೆ. ಅಳಿಯಂದಿರು ಒತ್ತಾಯಿಸಿ ಮೊಣಕಾಲುದ್ದದ ರಬ್ಬರ್ ಬೂಟು ತೊಡಿಸಿದ್ದರು. ಅದರ ಅಗತ್ಯ ತಿಳಿದದ್ದು ಕಾಡಿನೊಳಗೆ ಕಾಲಿಟ್ಟ ಮೇಲೆ. ಹಿಮಯುಗದಲ್ಲಿ ಹಿಮದ ಹಾಸು ತಂದು ಸುರಿದುಹೋದ ಜಿಗುಟು ಜೇಡಿಮಣ್ಣು ಅಲ್ಲಿಯ ನೆಲ. ಚಳ್ಳಕೆರೆ ಕಡೆಯ ಎರೆ ಹೊಲದಲ್ಲಿ ಮಳೆ ನಿಂತ ಮರುದಿನ ನಡೆದು, ಚಪ್ಪಲಿಯ ಅಡಿಗೆ ಎರಡು ಸೇರು ಮಣ್ಣು ಅಂಟಿಸಿಕೊಂಡವರಿಗೆ ಅದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಇಂಥ ನೆಲದಲ್ಲಿ ನೀರು ಬೇಗ ಇಂಗುವುದಿಲ್ಲ. ಉಳುಮೆಗೆ ಒಗ್ಗದ ಈ ಜಾಗವನ್ನು ಹಿಂದಿನವರು ಕಾಡಾಗಿಯೇ ಬಿಟ್ಟಿರಬೇಕೆಂದು ನಾನು ಮೊದಲು ಊಹಿಸಿದ್ದೆ. ಆದರೆ ಸುತ್ತಲಿನ ಗೋಧಿ ಹೊಲಗಳೂ ಅದೇ ಜೇಡಿಯ ಮೇಲೆಯೇ ಇರುವುದನ್ನು ಕಂಡಾಗ ಆ ಊಹೆ ನಿಲ್ಲಲಿಲ್ಲ.

ಕಾಡು ಉಳಿದುಕೊಂಡದ್ದರ ಕಾರಣದಲ್ಲಿ ಒಂದು ಭಾಗ ಅದರ ಅಂಚಿನಲ್ಲೇ ಇದೆ. ಮರಗಳು ಮುಗಿಯುವಲ್ಲಿ ಒಂದು ಮಣ್ಣಿನ ದಿಂಡು, ದಿಂಡಿನ ಹೊರಮಗ್ಗುಲಿಗೆ ಒಂದು ಕಂದಕ, ಎರಡೂ ಕಾಡಿನ ಅಂಚನ್ನು ಹಿಡಿದು ಅಂಕುಡೊಂಕಾಗಿ ಸಾಗುತ್ತವೆ. ದಿಂಡು ಒಳಗೆ, ಕಂದಕ ಹೊರಗೆ ಎಂಬುದು ಆ ದೇಶದ ಹಳೆಯ ಕಾಡುಗಳ ರೂಢಿಯಂತೆ. ಯಾವ ಕಡೆ ಯಾರದ್ದು ಎಂಬುದು ನೋಡಿದವರಿಗೆ ತಾನಾಗಿ ತಿಳಿಯುತ್ತದೆ, ದನಕರುಗಳು ನುಗ್ಗಿ ಚಿಗುರನ್ನು ಮೇಯುವುದೂ ತಪ್ಪುತ್ತದೆ. ಈಲಿ ಪಟ್ಟಣದ ಚರ್ಚಿನ ಬಿಷಪ್ಪರ ಭೂಮಿಗಳನ್ನು 1251ರಲ್ಲಿ ಪಟ್ಟಿ ಮಾಡಿದಾಗ ಹೇಲಿ ಎಂಬ ಈ ಕಾಡನ್ನು 80 ಎಕರೆ ಎಂದು ಬರೆದಿಡಲಾಗಿದೆ. ಈಗಿನ ಅಳತೆಯಲ್ಲಿ ಅದು ಸುಮಾರು 50 ಹೆಕ್ಟೇರು, ಎಂದರೆ 120 ಎಕರೆಯ ಮೇಲೆ. ಲೆಕ್ಕ ತಾಳೆಯಾಗುವುದಿಲ್ಲವಲ್ಲ ಎಂದು ನನ್ನ ವೃತ್ತಿಯ ಮನಸ್ಸು ತಕ್ಷಣ ತಕರಾರು ತೆಗೆಯಿತು. ಆ ಕಾಲದ ಎಕರೆ ಊರಿಂದೂರಿಗೆ ಬೇರೆಯಾಗಿತ್ತು. ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ 66 ಅಡಿಯ ಸರಪಳಿಯನ್ನು ಬಳಕೆಗೆ ತಂದದ್ದೇ 1620ರ ಸುಮಾರಿಗೆ. ಅದರ ಅರ್ಧದಷ್ಟಾದ 33 ಅಡಿಯ ಸರಪಳಿಯಲ್ಲಿ ನಾವು ಗುಂಟೆಗಳನ್ನು ಅಳೆದೆವು. ಕಾಗದದ ಮೇಲಿನ ಅಂಕಿ ಏನೇ ಇರಲಿ, ಏಳುನೂರೈವತ್ತು ವರ್ಷಗಳ ಹಿಂದೆ ಕಾಗದಕ್ಕೆ ಏರಿದ ಕಾಡು ಇಂದೂ ಕಾಡಾಗಿಯೇ ಇದೆ, ಅದರ ದಿಂಡಿನ ಮೇಲೆ ನಾನು ನಡೆದಿದ್ದೇನೆ. ನನ್ನ ಸೇವಾವಧಿಯಲ್ಲಿ ನೆಡಿಸಿದ ಗಡಿಯ ಬಾಂದು ಕಲ್ಲುಗಳಲ್ಲಿ ಎಷ್ಟು ಇಪ್ಪತ್ತು ವರ್ಷ ನಿಂತಿವೆಯೋ ಭಗವಂತನೇ ಬಲ್ಲ.

ಒಳಗಿನ ವಿಚಾರಕ್ಕೆ ಬರುತ್ತೇನೆ. ಹೇಝಲ್, ಆಶ್, ಫೀಲ್ಡ್ ಮೇಪಲ್ ಜಾತಿಯ ಮರಗಳನ್ನು ಅಲ್ಲಿ ಬುಡದ ಹತ್ತಿರಕ್ಕೆ ಕಡಿದುಬಿಡುತ್ತಾರೆ. ಮೊದಲ ನೋಟಕ್ಕೆ ನನಗೆ ಎದೆ ಧಸಕ್ಕೆಂದಿತು, ರಕ್ಷಿತ ಕಾಡೆಂದು ಹೇಳಿ ಇದೇನು ಎಂದು. ಹತ್ತಿರ ಹೋಗಿ ನೋಡಿದರೆ ಪ್ರತಿ ಬೊಡ್ಡೆಯಿಂದಲೂ ಬೆರಳು ಗಾತ್ರದ ಹತ್ತಾರು ಚಿಗುರುಗಳು ನೆಟ್ಟಗೆ ಎದ್ದಿದ್ದವು. ನಮ್ಮ ಹಿರಿಯೂರು ಸೀಮೆಯ ರೈತರು ಕಬ್ಬು ಕಡಿದ ಮೇಲೆ ಬುಡವನ್ನು ಕೀಳದೆ ಕೂಳೆ ಬಿಡುತ್ತಾರಲ್ಲ, ಅದೇ ಲೆಕ್ಕ. ಕಬ್ಬಿನ ಕೂಳೆ ಎರಡು ಮೂರು ಸಲಕ್ಕೆ ಸೋತರೆ ಮರದ ಕೂಳೆ ಶತಮಾನಗಳ ತನಕ ಸೋಲುವುದಿಲ್ಲ. ಕಾಡನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು, ಚಳಿಗಾಲದಲ್ಲಿ ಒಂದು ಪಟ್ಟಿಯನ್ನು ಕಡಿದು, ಉಳಿದವನ್ನು ಬೆಳೆಯಲು ಬಿಟ್ಟು, ಸರದಿ ಮುಗಿದಾಗ ಮತ್ತೆ ಮೊದಲ ಪಟ್ಟಿಗೆ ಬರುತ್ತಾರೆ. ನಡುನಡುವೆ ಓಕ್ ಮರಗಳನ್ನು ಮಾತ್ರ ತೊಲೆಗೆಂದು ಎತ್ತರಕ್ಕೆ ಬಿಡುತ್ತಾರೆ. ಹಿಂದೆ ಉರುವಲು, ಬೇಲಿಯ ತಡಿಕೆ, ಕೃಷಿ ಸಾಮಗ್ರಿಯ ಹಿಡಿ, ಮನೆಯ ತೊಲೆ ಎಲ್ಲವೂ ಇಂಥ ಕಾಡಿನಿಂದಲೇ ಬರುತ್ತಿದ್ದವು. ಕಲ್ಲಿದ್ದಲೂ ಅಗ್ಗದ ಮರವೂ ಬಂದ ಮೇಲೆ ಕಡಿಯುವವರಿಲ್ಲದೆ ಕಾಡು ಕತ್ತಲಾಯಿತು, ಕೆಳಗಿನ ಹೂಗಿಡಗಳು ಸೊರಗಿದವು. 1962ರಲ್ಲಿ ಸ್ಥಳೀಯ ಪ್ರಕೃತಿಪ್ರಿಯರ ಸಂಸ್ಥೆಯೊಂದು ಈ ಕಾಡನ್ನು ಕೊಂಡುಕೊಂಡು, ಆ ದಶಕದಲ್ಲೇ ಕೂಳೆ ಕಡಿಯುವ ಪದ್ಧತಿಯನ್ನು ಮರಳಿ ಆರಂಭಿಸಿತು.

ಕಡಿದ ಪಟ್ಟಿಯಲ್ಲಿ ಬಿಸಿಲು ನೆಲಕ್ಕೆ ತಾಗುತ್ತದೆ, ನೆಲದಲ್ಲಿ ಮಲಗಿದ್ದುದೆಲ್ಲ ಏಳುತ್ತದೆ. ನಾವು ಮೊದಲ ಸಲ ಹೋದಾಗ ಆಕ್ಸ್‌ಲಿಪ್ ಎಂಬ ತಿಳಿಹಳದಿಯ ಹೂವು, ಒಂದೇ ಕಡೆಗೆ ತಲೆಬಾಗಿದ ಗೊಂಚಲುಗಳಾಗಿ, ಎಲೆ ಬಿಡುವ ಮುನ್ನಿನ ಮರಗಳ ಕೆಳಗೆ ಅರಳಿತ್ತು. ಬ್ರಿಟನ್ನಿನಲ್ಲಿ ಈ ಹೂವು ಸಹಜವಾಗಿ ಬೆಳೆಯುವುದು ದೇಶದ ಪೂರ್ವ ಭಾಗದ ಇಂಥ ಜೇಡಿನೆಲದ ಹಳೆಯ ಕಾಡುಗಳಲ್ಲಿಯೇ ಹೆಚ್ಚು. ಮೂರು ವಾರದ ನಂತರ ಹೋದಾಗ ನೀಲಿಯ ಬ್ಲೂಬೆಲ್ ಹೂಗಳ ಕಾಲ. ಇವನ್ನು ಗೆಡ್ಡೆಸಹಿತ ಕಿತ್ತೊಯ್ಯುವುದು 1981ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ನನ್ನ ಆರು ವರ್ಷದ ಮೊಮ್ಮಗ ಒಂದು ಹೂವನ್ನು ಕೀಳಲು ಕೈಚಾಚಿದಾಗ, ಅಲ್ಲೇ ನಾಯಿಯಿಲ್ಲದೆ ಒಂಟಿಯಾಗಿ ನಡೆಯುತ್ತಿದ್ದ ವೃದ್ಧೆಯೊಬ್ಬರು ಗದರದೆ, ಬಗ್ಗಿ, ಎಲೆಯನ್ನು ತುಳಿದರೆ ಗಿಡ ವರ್ಷಗಟ್ಟಲೆ ಚೇತರಿಸಿಕೊಳ್ಳುವುದಿಲ್ಲವೆಂದು ಅವನಿಗೆ ತಿಳಿಹೇಳಿದರು. ಅವರೇ ನನಗೆ ತಂತಿಬೇಲಿಯನ್ನೂ ತೋರಿಸಿದರು. ಜಿಂಕೆಗಳು ಆಕ್ಸ್‌ಲಿಪ್ ಹೂವನ್ನೂ ಬೊಡ್ಡೆಯ ಚಿಗುರನ್ನೂ ಮೇಯ್ದು ಮುಗಿಸುವುದರಿಂದ ಬೇಲಿ ಕಟ್ಟಬೇಕಾಗಿ ಬಂದಿದೆ. ಅವುಗಳಲ್ಲಿ ಒಂದು ಮಂಟ್‌ಜ್ಯಾಕ್, ಎಂದರೆ ನಮ್ಮ ಮಲೆನಾಡಿನ ಕಾಡುಕುರಿಯ ಚೀನಾ ದಾಯಾದಿ. ಶ್ರೀಮಂತರ ಉದ್ಯಾನಕ್ಕೆಂದು ತಂದದ್ದು ತಪ್ಪಿಸಿಕೊಂಡು ದೇಶವನ್ನೆಲ್ಲ ಹರಡಿದೆ.

ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಮಾತ್ರ ಹೂವಲ್ಲ, ಹಾದಿ. ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ 1949ರ ಒಂದು ಕಾಯ್ದೆಯಂತೆ ಪ್ರತಿ ಜಿಲ್ಲಾಡಳಿತವೂ ಸಾರ್ವಜನಿಕ ಕಾಲುದಾರಿಗಳ ನಕ್ಷೆಯನ್ನು ಸಿದ್ಧಪಡಿಸಿ ಇಡಬೇಕಾಗುತ್ತದೆ. ಒಮ್ಮೆ ಆ ನಕ್ಷೆಯಲ್ಲಿ ಬಂದ ದಾರಿ, ಖಾಸಗಿ ಹೊಲದ ನಡುವೆ ಹಾದುಹೋದರೂ, ನಡೆಯುವವರ ಹಕ್ಕು. ರೈತ ಹೊಲದ ನಡುವಿನ ಕಾಲುದಾರಿಯನ್ನು ಉಳಬಹುದು. ಆದರೆ ಬಿತ್ತನೆಗೆಂದು ಕೆದಕಿದ 14 ದಿನದೊಳಗೆ ಕನಿಷ್ಠ ಒಂದು ಮೀಟರ್ ಅಗಲದ ದಾರಿಯನ್ನು ಮತ್ತೆ ಸಮ ಮಾಡಿ, ಪೈರಿನ ನಡುವೆ ಕಾಣುವಂತೆ ಬಿಡಬೇಕು. ಮಗಳ ಮನೆಯ ಸುತ್ತಲೂ ಹಸಿರು ಗೋಧಿಯ ನಡುವೆ ಬೈತಲೆಯಂತೆ ತೆಗೆದ ಇಂಥ ದಾರಿಗಳನ್ನು ಕಂಡೆ. ಕಂಬದ ಮೇಲೆ ಹಳದಿ ಬಾಣದ ಗುರುತು ಇದ್ದರೆ ಕಾಲುದಾರಿ, ನೀಲಿಯಾದರೆ ಕುದುರೆಗೂ ಸೈಕಲ್ಲಿಗೂ ಸಲ್ಲುತ್ತದೆ. ಅಂಗಡಿಯಲ್ಲಿ ಸಿಗುವ 1:25,000 ಪ್ರಮಾಣದ ನಕ್ಷೆಯಲ್ಲಿ ಈ ದಾರಿಗಳನ್ನೆಲ್ಲ ಹಸಿರು ಚುಕ್ಕೆಗೆರೆಗಳಲ್ಲಿ ಬಿಡಿಸಿರುತ್ತಾರೆ. ವಾರಾಂತ್ಯದಲ್ಲಿ ಅದನ್ನು ಕೈಯಲ್ಲಿ ಹಿಡಿದು ಮಕ್ಕಳುಮರಿಯೊಡನೆ ಹೊರಡುವವರನ್ನು ನೋಡಿದಾಗ, ನಮ್ಮ ಗ್ರಾಮ ನಕಾಶೆ ಕಚೇರಿಯ ಕಬ್ಬಿಣದ ಬೀರುವಿನಲ್ಲಿ ಮಡಿಕೆ ಮಡಿಕೆಯಾಗಿ ಹರಿಯುತ್ತಿರುವ ಚಿತ್ರ ಕಣ್ಣಿಗೆ ಬಂತು. ನಮ್ಮಲ್ಲಿಯೂ ನಕಾಶೆ ಕಂಡ ದಾರಿ ಎಂಬ ಮಾತಿದೆ. ಅದು ಜಗಳ ಹತ್ತಿ, ಅರ್ಜಿ ಬಿದ್ದಾಗ ಮಾತ್ರ ನೆನಪಾಗುತ್ತದೆ.

ವಿದೇಶಕ್ಕೆ ಹೋಗಿಬಂದವರೆಲ್ಲ ಅಲ್ಲಿಯದನ್ನು ಹಾಡಿಹೊಗಳುವ ಚಟಕ್ಕೆ ನಾನು ಬಿದ್ದಿಲ್ಲವೆಂದು ಓದುಗರು ನಂಬಬೇಕು. ಇಂಗ್ಲೆಂಡಿನ ಭೂಭಾಗದಲ್ಲಿ ಮರಗಾಡು ಇರುವುದು ಶೇಕಡ 10ರಷ್ಟು ಮಾತ್ರ, ಯೂರೋಪಿನ ಬಹಳಷ್ಟು ದೇಶಗಳಿಗಿಂತ ಕಡಿಮೆ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಹೇಲಿಯಂಥ ಎಷ್ಟೋ ಹಳೆಯ ಕಾಡುಗಳನ್ನು ಬುಲ್ಡೋಜರಿನಿಂದ ಕಿತ್ತು ಹೊಲ ಮಾಡಿದರು, ಇಲ್ಲವೇ ಕಡಿದು ಸೂಜಿಯೆಲೆ ಮರಗಳ ನೆಡುತೋಪು ಮಾಡಿದರು; ನಾವು ಗೋಮಾಳಗಳಿಗೆ ನೀಲಗಿರಿ ಹಾಕಿದ ಹಾಗೆ. ಆಶ್ ಮರಗಳಿಗೆ ತಗುಲಿದ ಶಿಲೀಂಧ್ರ ರೋಗ ಬ್ರಿಟನ್ನಿನಲ್ಲಿ 2012ರಲ್ಲಿ ಪತ್ತೆಯಾಗಿ, ಈಗ ದೇಶದುದ್ದಕ್ಕೂ ತುದಿ ಒಣಗಿದ ಆಶ್ ಮರಗಳು ಕಾಣುತ್ತವೆ. ಹೇಲಿಯ ಪಕ್ಕದಲ್ಲೇ ಹಾದುಹೋಗಿದ್ದ ಬೆಡ್‌ಫರ್ಡ್-ಕೇಂಬ್ರಿಡ್ಜ್ ರೈಲುಮಾರ್ಗವನ್ನು 1960ರ ದಶಕದಲ್ಲಿ ಮುಚ್ಚಿದರು, ಹಳಿ ಇದ್ದ ಜಾಗದಲ್ಲಿ ಈಗ ಗಿಡಗಂಟಿ ಬೆಳೆದಿದೆ.

ಅಲ್ಲಿ ಮಳೆ ಹೆಚ್ಚು, ನಮ್ಮದು ಬರದ ಜಿಲ್ಲೆ, ಹೋಲಿಕೆಯೇ ಸಲ್ಲದು ಎಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ನನ್ನ ಸಹೋದ್ಯೋಗಿಯಾಗಿದ್ದ ಮಿತ್ರರೊಬ್ಬರು ಫೋನಿನಲ್ಲೇ ಈ ಮಾತು ಹೇಳಿದರು. ನಿಜಾಂಶವೆಂದರೆ ಕೇಂಬ್ರಿಡ್ಜ್ ಸೀಮೆ ಇಂಗ್ಲೆಂಡಿನಲ್ಲಿಯೇ ಅತಿ ಕಡಿಮೆ ಮಳೆಯ ಭಾಗಗಳಲ್ಲೊಂದು. ಅಲ್ಲಿ ವರ್ಷಕ್ಕೆ 600 ಮಿಲಿಮೀಟರಿಗೂ ಕಡಿಮೆ ಬೀಳುತ್ತದೆ, ಚಿತ್ರದುರ್ಗ ಜಿಲ್ಲೆಯ ಸರಾಸರಿಗೂ ಅದಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ವ್ಯತ್ಯಾಸ ಇರುವುದು ಬಿಸಿಲಿನಲ್ಲಿ ಮತ್ತು ಮಳೆ ಬೀಳುವ ಬಗೆಯಲ್ಲಿ. ಅಲ್ಲಿ ಹನ್ನೆರಡು ತಿಂಗಳೂ ಜಿನುಗುವ ಮಳೆ ತಣ್ಣನೆಯ ನೆಲದಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ನಾಲ್ಕು ಹದಮಳೆಗಳಲ್ಲಿ ಬಂದದ್ದು ಹರಿದು, ಉಳಿದದ್ದು ಏಪ್ರಿಲ್ ಹೊತ್ತಿಗೆ ಆವಿಯಾಗುತ್ತದೆ. ಆದ್ದರಿಂದ ಓಕ್ ಮರದ ಕಾಡನ್ನು ಇಲ್ಲಿ ಬಯಸುವುದು ಹುಚ್ಚುತನ. ಆದರೆ ಹೊಂಗೆ, ಹುಣಸೆ, ಬೇವು, ಇಪ್ಪೆ ಮರಗಳು ಇದೇ ಬಿಸಿಲನ್ನು ಉಂಡು ಬೆಳೆಯುವಂಥವು, ಹೊಂಗೆಯಂತೂ ಕಡಿದಷ್ಟೂ ಚಿಗುರುತ್ತದೆ. ಅದರ ಸೊಪ್ಪನ್ನು ಗದ್ದೆಗೆ ತುಳಿಸಿ, ಬೀಜದಿಂದ ದೀಪದ ಎಣ್ಣೆ ತೆಗೆದ ನಮ್ಮ ಅಜ್ಜಂದಿರು ಕೂಳೆ ಪದ್ಧತಿಯನ್ನು ಹೇಲಿಯವರಿಂದ ಕಲಿಯಬೇಕಾಗಿರಲಿಲ್ಲ.

ಜೋಗಿಮಟ್ಟಿಯಂಥ ಕಾಡಿಗೆ ಅರಣ್ಯ ಇಲಾಖೆಯ ಕಾವಲಿದೆ. ಜಗಳೂರು ಸೀಮೆಯ ರಂಗಯ್ಯನದುರ್ಗವು ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಹುಲ್ಲೆಯ ಹೆಸರಿನಲ್ಲಿ 2011ರಿಂದ ವನ್ಯಧಾಮವಾಗಿದೆ. ಅಮೃತಮಹಲ್ ತಳಿಯ ದನಗಳ ಮೇವಿಗೆಂದು ಮೀಸಲಿಟ್ಟ ಕಾವಲುಗಳು ಹುಲ್ಲುಗಾವಲಾಗಿಯೇ ಉಳಿಯಬೇಕು, ಅಲ್ಲಿ ಮರ ನೆಡುವುದೇ ತಪ್ಪು. ನಾನು ಹೇಳುತ್ತಿರುವುದು ಇವು ಯಾವುದರ ಲೆಕ್ಕಕ್ಕೂ ಬಾರದ, ಎರಡರಿಂದ ಐದಾರು ಎಕರೆಯ ಗುಂಡುತೋಪುಗಳ ವಿಷಯ. ಮೈಸೂರು ಸೀಮೆಯ ಕಂದಾಯ ಸರ್ವೆ 1863ರಲ್ಲಿ ಆರಂಭವಾಗಿ ಊರೂರಿನ ನಕಾಶೆಗಳು ಸಿದ್ಧವಾದಾಗ ಕೆರೆ, ಸ್ಮಶಾನ, ಬಂಡಿದಾರಿಗಳ ಹಾಗೆ ತೋಪುಗಳೂ ಗುರುತಾದವು. ದಾರಿಹೋಕರ ಬಂಡಿ ಬಿಡಲು, ದನಗಳಿಗೆ ಮಧ್ಯಾಹ್ನದ ನೆರಳಿಗೆ, ಜಾತ್ರೆಗೆ ಬಂದವರು ಒಲೆ ಹೂಡಲು, ಮದುವೆಯ ದಿಬ್ಬಣ ಇಳಿಯಲು ತೋಪೇ ಊರಿನ ಛತ್ರವಾಗಿತ್ತು. ಹುಣಸೆ ಹಣ್ಣಿನ ಹರಾಜಿನಿಂದ ಪಂಚಾಯಿತಿಗೆ ನಾಲ್ಕು ಕಾಸು ಬರುತ್ತಿತ್ತು.

ನನ್ನ ಹುಟ್ಟೂರಿನ ತೋಪು ದಾಖಲೆಯಲ್ಲಿ ನಾಲ್ಕು ಎಕರೆ ಹನ್ನೆರಡು ಗುಂಟೆ. ಈಗ ಅದರ ನಟ್ಟನಡುವೆ ನೀರಿನ ಓವರ್‌ಹೆಡ್ ಟ್ಯಾಂಕು ನಿಂತಿದೆ. ಹೇಲಿಯಲ್ಲಿ ಟ್ಯಾಂಕಿನಿಂದ ಕಾಡಿಗೆ ದಾರಿ ಹೊರಟರೆ ನಮ್ಮಲ್ಲಿ ಕಾಡೇ ಟ್ಯಾಂಕಿಗೆ ದಾರಿ ಬಿಟ್ಟಿದೆ. ಒಂದು ಮೂಲೆಯಲ್ಲಿ ಜಲ್ಲಿ ರಾಶಿ, ಇನ್ನೊಂದರಲ್ಲಿ ಹುಲ್ಲಿನ ಬಣವೆಗಳು, ಮಗ್ಗುಲಿನ ಅಡಿಕೆ ತೋಟದ ಬೇಲಿ ವರ್ಷಕ್ಕೆ ಎರಡು ಮೊಳ ಮುಂದೆ ಬರುತ್ತಿದೆ. ಉಳಿದ ಹನ್ನೊಂದು ಹುಣಸೆ ಮರಗಳ ಅಡಿಯಲ್ಲಿ ಊರಿನ ಕಸ ಸುಡುತ್ತದೆ. ಇಷ್ಟೆಲ್ಲವನ್ನೂ ಬೇರೆಯವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಹಾಗಿಲ್ಲ. ನೌಕರಿಗೆ ಸೇರಿದ ಹೊಸದರಲ್ಲಿ ಇಂಥ ಎಷ್ಟೋ ತೋಪುಗಳ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡವನು ನಾನು. ಪಕ್ಕದ ಹಿಡುವಳಿಯ ಗಡಿಯನ್ನು ಅಂಗುಲ ತಪ್ಪದಂತೆ ಅಳೆದು, ತೋಪಿನ ಗಡಿಗೆ ಬಂದಾಗ ಅದನ್ನು ಕೇಳುವವರಾರು ಎಂದು ಹಳೆಯ ಟಿಪ್ಪಣಿಯನ್ನೇ ನಕಲು ಮಾಡಿ ಮುಗಿಸಿದ್ದೇನೆ.

ಕೇಳುವವರಾರು ಎಂಬ ಪ್ರಶ್ನೆ ಈಗಲೂ ಹಾಗೆಯೇ ಇದೆ. ಸ್ವಂತ ಜಮೀನಿನ ಗಡಿ ಗುರುತಿಸಿಕೊಳ್ಳಬೇಕಾದ ರೈತ ಹದ್ದುಬಸ್ತಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಭೂಮಾಪಕರು ಬರುವ ದಿನ ಅಕ್ಕಪಕ್ಕದವರನ್ನು ಕರೆಸಿ ಕಲ್ಲು ನೆಡಿಸಿಕೊಳ್ಳುತ್ತಾನೆ. ಊರಿನ ತೋಪಿನ ಹದ್ದುಬಸ್ತು ಮಾಡಿಸಬೇಕೆಂದು ನಾನು ಕಚೇರಿಯೊಂದಕ್ಕೆ ಹೋದಾಗ, ಅರ್ಜಿ ಪಡೆಯುವ ಮೇಜಿನಲ್ಲಿ ಕುಳಿತ ಹುಡುಗ ವಿನಯದಿಂದಲೇ, ಜಮೀನು ಯಾರ ಹೆಸರಿನಲ್ಲಿದೆ ಸಾರ್ ಎಂದು ಕೇಳಿದ. ಸರ್ಕಾರದ್ದು ಎಂದೆ. ಹಾಗಾದರೆ ಸರ್ಕಾರ ಅರ್ಜಿ ಹಾಕಬೇಕು ಎಂದ. ಅವನ ಮಾತು ತಪ್ಪಲ್ಲ, ನಾನು ಅವನ ಜಾಗದಲ್ಲಿದ್ದಾಗ ಇದನ್ನೇ ಹೇಳುತ್ತಿದ್ದೆನೇನೋ. ಎಲ್ಲರದೂ ಆದ ನೆಲಕ್ಕೆ ಅರ್ಜಿದಾರನೇ ಇಲ್ಲ.

ಕಾನೂನಿನ ಬಲ ಇಲ್ಲವೆಂದಲ್ಲ. ಊರಿನ ಸಾರ್ವಜನಿಕ ಭೂಮಿಗಳ ಒತ್ತುವರಿಯನ್ನು ತೆರವುಗೊಳಿಸಿ ಗ್ರಾಮದ ಸಾಮೂಹಿಕ ಬಳಕೆಗೆ ಮರಳಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ತಮ್ಮ ಪಂಚಾಯಿತಿಯಲ್ಲಿ ಅದರ ಸದಸ್ಯರು ಯಾರೆಂದು ಓದುಗರು ಒಮ್ಮೆ ವಿಚಾರಿಸಿ ನೋಡಲಿ. ಸರ್ಕಾರದ ದಿಶಾಂಕ್ ಆ್ಯಪ್ ಇದ್ದರೆ ನಿಂತ ಜಾಗದ ಸರ್ವೆ ನಂಬರು ಮೊಬೈಲಿನಲ್ಲೇ ಕಾಣುತ್ತದೆ. ಅದು ಗಡಿ ಇತ್ಯರ್ಥ ಮಾಡುವಷ್ಟು ನಿಖರವಲ್ಲ, ಆದರೆ ನಾವು ನಿಂತಿರುವುದು ಗುಂಡುತೋಪಿನಲ್ಲಿ ಎಂದು ತಿಳಿಯಲು ಸಾಕು.

ಆದ್ದರಿಂದ ಈ ವರ್ಷ ಜಿಲ್ಲೆಯ ಪ್ರತಿ ಗ್ರಾಮ ಪಂಚಾಯಿತಿಯೂ ವನಮಹೋತ್ಸವಕ್ಕೆ ಮೊದಲು ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿ, ತಾನೇ ಅರ್ಜಿದಾರನಾಗಿ ನಿಂತು ತನ್ನ ತೋಪುಗಳ ಹದ್ದುಬಸ್ತು ಕೇಳಲಿ ಎಂಬುದು ನನ್ನ ಕೋರಿಕೆ. ಕಲ್ಲು ನೆಟ್ಟರೆ ಸಾಲದು, ಕಲ್ಲನ್ನು ರಾತ್ರೋರಾತ್ರಿ ಕಿತ್ತು ಹಾಕುವವರಿದ್ದಾರೆ. ಕಲ್ಲಿನಿಂದ ಕಲ್ಲಿಗೆ ಹೇಲಿಯ ಹಾಗೆ ಹೊರಗೆ ಕಂದಕ, ಒಳಗೆ ದಿಂಡು ಹಾಕಿಸಿದರೆ ಅದನ್ನು ಒಂದು ರಾತ್ರಿಯಲ್ಲಿ ಮುಚ್ಚಲಾಗದು, ಮಳೆಯ ನೀರೂ ನಿಲ್ಲುತ್ತದೆ. ಗ್ರಾಮ ನಕಾಶೆಯನ್ನು ದೊಡ್ಡದಾಗಿ ಬಿಡಿಸಿ, ತೋಪನ್ನೂ ಅದಕ್ಕೆ ಹೋಗುವ ನಕಾಶೆ ಕಂಡ ದಾರಿಯನ್ನೂ ಹಸಿರು ಬಣ್ಣದಲ್ಲಿ ತೋರಿಸಿ, ಪಂಚಾಯಿತಿ ಕಟ್ಟೆಯ ಗೋಡೆಗೆ ಹಾಕಬೇಕು. ಹಳೆಯ ಹುಣಸೆ, ಹೊಂಗೆಗಳ ಬೊಡ್ಡೆಗಳು ಇನ್ನೂ ಜೀವ ಹಿಡಿದಿರುವ ಕಡೆ ಗುಂಡಿ ತೋಡಿ ಹೊಸ ಸಸಿ ನೆಡುವ ಮೊದಲು, ಎರಡು ಮಳೆಗಾಲ ಮೇಕೆ ಮತ್ತು ಬೆಂಕಿ ಒಳಗೆ ಹೋಗದಂತೆ ನೋಡಿಕೊಂಡು, ತಾನಾಗಿ ಏನು ಚಿಗುರುತ್ತದೆಂದು ಕಾಯುವುದು ಒಳ್ಳೆಯದು. ಮೇಕೆ ಸಾಕುವವರಿಗೆ ಇದರಿಂದ ತೊಂದರೆಯಾಗುತ್ತದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಹೇಲಿಯ ಪಟ್ಟಿಗಳ ಹಾಗೆ ತೋಪಿನ ಅರ್ಧಭಾಗವನ್ನು ಸರದಿಯ ಮೇಲೆ ಅವರಿಗೆ ಬಿಟ್ಟುಕೊಡುವ ಏರ್ಪಾಡನ್ನು ಊರಿನವರೇ ಕುಳಿತು ಮಾಡಿಕೊಳ್ಳಬಹುದು.

ನನ್ನ ಹಳೆಯ ಸರಪಳಿ ಅಟ್ಟದ ಮೇಲೆ ಇನ್ನೂ ಇದೆ. ಅಧಿಕೃತ ಅಳತೆಗೆ ಅದು ಈಗ ಸಲ್ಲುವುದಿಲ್ಲ, ನನ್ನ ಸಹಿಗೂ ಬೆಲೆಯಿಲ್ಲ. ಆದರೆ ಹೊಳಲ್ಕೆರೆ ಮತ್ತು ಸುತ್ತಲಿನ ತಾಲ್ಲೂಕುಗಳ ಯಾವ ಊರಿನವರಾದರೂ ತಮ್ಮ ಗ್ರಾಮ ನಕಾಶೆಯ ಪ್ರತಿ ತೆಗೆಸಿಟ್ಟುಕೊಂಡು ಪತ್ರಿಕೆಯ ಮೂಲಕ ತಿಳಿಸಿದರೆ, ಯಾವುದಾದರೊಂದು ಭಾನುವಾರ ಸ್ವಂತ ಖರ್ಚಿನಲ್ಲಿ ಬಂದು, ಅರ್ಜಿ ಹಾಕುವ ಮೊದಲು ತೋಪಿನ ಗಡಿ ಎಲ್ಲಿ ಹಾದುಹೋಗಿರಬಹುದೆಂದು ತೋರಿಸಿಕೊಡುತ್ತೇನೆ. ಹಳೆಯ ಬಾಂದು ಕಲ್ಲನ್ನು ಕಂಡ ನೆನಪಿರುವ ಹಿರಿಯರು ಊರಿನಲ್ಲಿದ್ದರೆ ಆ ದಿನ ಅವರನ್ನೂ ಕರೆದುಕೊಂಡು ಬನ್ನಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಮಾಪಕ,
ಹೊಳಲ್ಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ